ವರದಿ ಸಿದ್ಧ, ತರಗತಿ ಹಾಗೇ: ಶಾಲೆಗಳ ಅಗತ್ಯ ಮೌಲ್ಯಮಾಪನ ಎಲ್ಲಿ ಎಡವುತ್ತಿದೆ?

ಶಾಲೆಯನ್ನು ಸುಧಾರಿಸುವ ಮೊದಲು ಅದಕ್ಕೆ ಏನು ಬೇಕೆಂದು ತಿಳಿದುಕೊಳ್ಳಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತಿಳಿದುಕೊಂಡ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ಈವರೆಗೆ ಸಿಕ್ಕಿರುವ ಉತ್ತರಗಳು ನೆಮ್ಮದಿ ಕೊಡುವಂತಿಲ್ಲ. ಮಧ್ಯಪ್ರದೇಶದಲ್ಲಿ ಯಾದೃಚ್ಛಿಕವಾಗಿ ಆಯ್ದ 1,774 ಶಾಲೆಗಳಲ್ಲಿ ಇಂಥದೊಂದು ಕಾರ್ಯಕ್ರಮ ನಡೆಯಿತು. ಪ್ರತಿ ಶಾಲೆಯನ್ನೂ ವಿವರವಾಗಿ ಪರಿಶೀಲಿಸಿ, ದರ್ಜೆ ನೀಡಿ, ಆ ಶಾಲೆಗೆಂದೇ ಸುಧಾರಣಾ ಯೋಜನೆಯನ್ನು ಬರೆಸಲಾಯಿತು. ಅದರ ಪರಿಣಾಮವನ್ನು ಅಳೆದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅವರ ಅಧ್ಯಯನ 2020ರಲ್ಲಿ ಹೊರಬಂತು. ಬಹುತೇಕ ಎಲ್ಲ ಶಾಲೆಗಳಲ್ಲೂ ಮೌಲ್ಯಮಾಪನ ಪೂರ್ತಿಯಾಗಿತ್ತು, ಕೊಟ್ಟ ದರ್ಜೆಗಳು ಶಾಲೆಗಳ ನಿಜಸ್ಥಿತಿಯನ್ನೇ ಹೇಳುತ್ತಿದ್ದವು. ಆದರೂ ಶಾಲೆ ನಡೆಯುವ ರೀತಿಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಯಾವ ಬದಲಾವಣೆಯೂ ಕಾಣಿಸಲಿಲ್ಲ. ಕೆಳಹಂತದ ಅಧಿಕಾರಿಗಳನ್ನು ಮಾತನಾಡಿಸಿದಾಗ ತಿಳಿದದ್ದು, ಅವರ ಪಾಲಿಗೆ ಈ ಕಾರ್ಯಕ್ರಮ ತಂದ ಮುಖ್ಯ ಬದಲಾವಣೆ ಹೆಚ್ಚುವರಿ ಕಾಗದಪತ್ರದ ಕೆಲಸ ಎಂದು. ಅಷ್ಟರಲ್ಲಿ ಇದೇ ಮಾದರಿ ದೇಶದಾದ್ಯಂತ ಆರು ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ವಿಸ್ತರಣೆಯಾಗಿತ್ತು.

ಈ ಫಲಿತಾಂಶವನ್ನು ಹಿಡಿದುಕೊಂಡು ಮೌಲ್ಯಮಾಪನವೇ ವ್ಯರ್ಥ ಎಂದುಬಿಡುವುದು ಸುಲಭ, ಆದರೆ ಅದು ಅವಸರದ ತೀರ್ಮಾನವಾಗುತ್ತದೆ. ಅರ್ಜೆಂಟೀನಾದ ಲಾ ರಿಯೋಹಾ ಪ್ರಾಂತದ 104 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಪ್ರಯೋಗ ಬೇರೆಯದೇ ಕಥೆ ಹೇಳುತ್ತದೆ. ಅಲ್ಲಿ ಒಂದು ಗುಂಪಿನ ಶಾಲೆಗಳಿಗೆ ತಮ್ಮ ಮಕ್ಕಳ ಪರೀಕ್ಷಾ ಫಲಿತಾಂಶದ ವಿಶ್ಲೇಷಣೆಯನ್ನು ಕೊಡಲಾಯಿತು. ಎರಡು ವರ್ಷಗಳ ನಂತರ ಆ ಶಾಲೆಗಳ ಮಕ್ಕಳು ಗಣಿತದಲ್ಲಿ 0.33 ಮತ್ತು ಓದಿನಲ್ಲಿ 0.36 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ ಇದು) ಮುಂದಿದ್ದರು. ಮುಖ್ಯಶಿಕ್ಷಕರು ಆಡಳಿತದ ತೀರ್ಮಾನಗಳಲ್ಲಿ ಆ ಫಲಿತಾಂಶಗಳನ್ನು ಬಳಸಿದ್ದರು, ಶಿಕ್ಷಕರು ಪಾಠದಲ್ಲಿ ಹೆಚ್ಚು ವಿಧಾನಗಳನ್ನು ಪ್ರಯೋಗಿಸುತ್ತಿದ್ದಾರೆಂದು ಮಕ್ಕಳೇ ಹೇಳಿದ್ದರು. ಇನ್ನು ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಶಿಕ್ಷಕರಿಗೆ ವಿವರವಾದ ಕಲಿಕಾ ವರದಿಯನ್ನು ಕೊಟ್ಟರೂ ಅಂಕಗಳಲ್ಲಿ ವ್ಯತ್ಯಾಸ ಬರಲಿಲ್ಲ. ವೀಕ್ಷಕರು ಬಂದಾಗ ಮಾತ್ರ ಪಾಠ ಹುರುಪಿನಿಂದ ನಡೆಯುತ್ತಿತ್ತು.

ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮಾಹಿತಿ ತಾನಾಗಿ ಶಾಲೆಯನ್ನು ಬದಲಿಸುವುದಿಲ್ಲ. ಅದು ಯಾರ ಕೈಗೆ, ಯಾವ ರೂಪದಲ್ಲಿ ಬರುತ್ತದೆ, ಬಂದ ಮೇಲೆ ಏನಾದರೂ ಮಾಡುವ ಅಧಿಕಾರ, ಬಿಡುವು ಮತ್ತು ನೆರವು ಅವರಿಗಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಗತ್ಯ ಮೌಲ್ಯಮಾಪನದ ಬಹುಪಾಲು ಚರ್ಚೆ ನಮೂನೆಗಳ ಸುತ್ತ, ಸೂಚಕಗಳ ಸಂಖ್ಯೆಯ ಸುತ್ತ ಸುತ್ತುತ್ತದೆ. ನನ್ನ ದೃಷ್ಟಿಯಲ್ಲಿ ಅಲ್ಲಿಂದಲೇ ದಾರಿ ತಪ್ಪುತ್ತದೆ.

ಮೊದಲನೆಯ ತೊಡಕು ಅಗತ್ಯವೆಂದರೆ ಏನು ಎಂಬುದರಲ್ಲೇ ಇದೆ. ಈ ಕ್ಷೇತ್ರದಲ್ಲಿ ದೀರ್ಘಕಾಲ ಕೆಲಸ ಮಾಡಿದ ರೋಜರ್ ಕೌಫ್‌ಮನ್ 1970ರ ದಶಕದಿಂದಲೂ ಹೇಳುತ್ತ ಬಂದದ್ದು ಇಷ್ಟು: ಈಗ ಸಿಗುತ್ತಿರುವ ಫಲಿತಾಂಶಕ್ಕೂ ಸಿಗಬೇಕಾದ ಫಲಿತಾಂಶಕ್ಕೂ ಇರುವ ಅಂತರವೇ ಅಗತ್ಯ, ಆ ಅಂತರವನ್ನು ತುಂಬಲು ನಾವು ತರಬಯಸುವ ವಸ್ತು, ತರಬೇತಿ, ಹಣ ಇವೆಲ್ಲ ಅಗತ್ಯವಲ್ಲ, ಪರಿಹಾರದ ಸಾಧನಗಳು. ಶಾಲೆಯೊಂದರ ಅಗತ್ಯಗಳ ಪಟ್ಟಿಯನ್ನು ಕೇಳಿದಾಗ ಸಾಮಾನ್ಯವಾಗಿ ಬರುವ ಉತ್ತರಗಳನ್ನು ಈ ಮಾತಿನ ಎದುರು ಇಟ್ಟು ನೋಡಬೇಕು. ಸ್ಮಾರ್ಟ್ ಬೋರ್ಡ್ ಬೇಕು, ಇಂಗ್ಲಿಷ್ ತರಬೇತಿ ಬೇಕು, ಇನ್ನಿಬ್ಬರು ಶಿಕ್ಷಕರು ಬೇಕು. ಇವುಗಳಲ್ಲಿ ಕೆಲವು ನ್ಯಾಯವಾದ ಬೇಡಿಕೆಗಳೇ ಇರಬಹುದು, ಶಿಕ್ಷಕರ ಕೊರತೆಯಂತೂ ಹಲವು ಕಡೆ ಉಳಿದೆಲ್ಲವನ್ನೂ ನುಂಗಿಹಾಕುವಷ್ಟು ದೊಡ್ಡದು. ಆದರೆ ಯಾವ ತರಗತಿಯ ಮಕ್ಕಳು ಏನನ್ನು ಕಲಿಯಲಾಗದೆ ಉಳಿದಿದ್ದಾರೆ, ಈ ಬೇಡಿಕೆ ಈಡೇರಿದರೆ ಅದು ಹೇಗೆ ಸರಿಹೋಗುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಪರಿಹಾರ ಮೊದಲೇ ನಿಶ್ಚಯವಾಗಿದ್ದರೆ ಮೌಲ್ಯಮಾಪನ ಅದಕ್ಕೊಂದು ಸಮರ್ಥನೆಯಾಗಿ ಮಾತ್ರ ಉಳಿಯುತ್ತದೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಮಕ್ಕಳ ನೋಟ್‌ಪುಸ್ತಕದಿಂದ ಎನ್ನುವುದು ನನ್ನ ಉತ್ತರ. ಐದನೆಯ ತರಗತಿಯ ಮಕ್ಕಳು ಭಿನ್ನರಾಶಿಯಲ್ಲಿ ಹಿಂದಿದ್ದಾರೆ ಎಂದು ಒಂದು ವರದಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಸರಾಸರಿ ಅಂಕ ಕಡಿಮೆ ಬಂದಿದೆ ಎಂಬುದರಿಂದ ಶಿಕ್ಷಕಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಪುಸ್ತಕ ತೆರೆದು ನೋಡಿದರೆ ಒಬ್ಬ ಹುಡುಗ 1/2 ಮತ್ತು 1/3 ಕೂಡಿಸಿ 2/5 ಎಂದು ಬರೆದಿದ್ದಾನೆ. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿದ್ದಾನೆ. 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು ಎಂದರೆ ಅವನ ಉತ್ತರ 1/4, ಏಕೆಂದರೆ ಮೂರಕ್ಕಿಂತ ನಾಲ್ಕು ದೊಡ್ಡದು. ಪಕ್ಕದ ಹುಡುಗಿಗೂ ಕೂಡುವ ಲೆಕ್ಕ ತಪ್ಪಾಗಿದೆ, ಆದರೆ ಅವಳು ಛೇದಗಳನ್ನು ಸಮ ಮಾಡಬೇಕೆಂದು ತಿಳಿದು ಎರಡನ್ನೂ ಆರಕ್ಕೆ ತಂದಿದ್ದಾಳೆ, ಅಂಶವನ್ನು ಗುಣಿಸುವಾಗ ಮಾತ್ರ ಎಡವಿದ್ದಾಳೆ. ಅಂಕಪಟ್ಟಿಯಲ್ಲಿ ಇಬ್ಬರಿಗೂ ಸೊನ್ನೆ. ಹುಡುಗಿಗೆ ಬೇಕಾದದ್ದು ಇನ್ನಷ್ಟು ಅಭ್ಯಾಸ. ಹುಡುಗನಿಗೆ ಅಭ್ಯಾಸ ಕೊಟ್ಟರೆ ಅವನ ತಪ್ಪು ಇನ್ನೂ ಗಟ್ಟಿಯಾಗುತ್ತದೆ. ಭಿನ್ನರಾಶಿ ಎಂದರೆ ಒಂದರ ಮೇಲೊಂದು ಬರೆದ ಎರಡು ಸಂಖ್ಯೆಗಳಲ್ಲ, ಒಂದೇ ಪ್ರಮಾಣ ಎಂಬ ಅರಿವು ಅವನಲ್ಲಿ ಮೂಡಬೇಕಾಗಿದೆ.

ಇಲ್ಲಿಂದ ಮುಂದಿನ ಪ್ರಶ್ನೆ ಬೋಧನೆಯದು. ತರಗತಿಯಲ್ಲಿ ಹುಡುಗನಂಥವರೇ ಹೆಚ್ಚಿದ್ದರೆ ಪಾಠ ಹೇಗೆ ನಡೆದಿದೆ ಎಂದು ನೋಡಬೇಕು. ಕೂಡುವ ನಿಯಮವನ್ನು ನೇರವಾಗಿ ಕಪ್ಪುಹಲಗೆಯ ಮೇಲೆ ಬರೆಯಲಾಯಿತೇ? ಸಂಖ್ಯಾರೇಖೆಯ ಮೇಲೆ 1/3 ಎಲ್ಲಿ ಬರುತ್ತದೆಂದು ಮಕ್ಕಳು ಎಂದಾದರೂ ಗುರುತಿಸಿದ್ದಾರೆಯೇ? ತಪ್ಪು ಉತ್ತರ ಬಂದಾಗ ಹೇಗೆ ಬಂತೆಂದು ಕೇಳಲಾಯಿತೇ, ಅಥವಾ ಸರಿ ಉತ್ತರ ಗೊತ್ತಿರುವ ಮಗುವಿನ ಕಡೆಗೆ ಪ್ರಶ್ನೆ ಸಾಗಿತೇ? ಅದಾದ ಮೇಲೆ ನಾಯಕತ್ವದ ಪ್ರಶ್ನೆ ಬರುತ್ತದೆ. ನಾಲ್ಕನೆಯ ಮತ್ತು ಐದನೆಯ ತರಗತಿಯ ಶಿಕ್ಷಕರು ಕೂತು ಭಿನ್ನರಾಶಿಯನ್ನು ಯಾವ ಕ್ರಮದಲ್ಲಿ ಕಲಿಸುತ್ತೇವೆಂದು ಮಾತನಾಡಿಕೊಳ್ಳಲು ವೇಳಾಪಟ್ಟಿಯಲ್ಲಿ ಜಾಗವಿದೆಯೇ? ಮುಖ್ಯಶಿಕ್ಷಕರಿಗೆ ಈ ತೊಂದರೆ ಇದೆ ಎಂಬುದಾದರೂ ಗೊತ್ತಿತ್ತೇ? ಕಲಿಕೆಯಿಂದ ಬೋಧನೆಗೆ, ಬೋಧನೆಯಿಂದ ನಾಯಕತ್ವಕ್ಕೆ ಹೀಗೆ ಹಿಂದಕ್ಕೆ ಹೋಗುವ ದಾರಿಯನ್ನು ಬಿಟ್ಟು ಮೂರನ್ನೂ ಬೇರೆ ಬೇರೆ ಕೋಷ್ಟಕಗಳಲ್ಲಿ ತುಂಬಿಸಿದಾಗ, ಪ್ರತಿಯೊಂದಕ್ಕೂ ಒಂದೊಂದು ದರ್ಜೆ ಸಿಗುತ್ತದೆಯೇ ಹೊರತು ಅವುಗಳ ನಡುವಿನ ಸಂಬಂಧ ಕಾಣಿಸುವುದಿಲ್ಲ.

ಪಾಠ ವೀಕ್ಷಣೆಯನ್ನು ಹೇಗೆ ಮಾಡಬೇಕೆಂಬುದರ ಬಗ್ಗೆಯೂ ಸಾಕಷ್ಟು ತಿಳಿವಳಿಕೆ ಬೆಳೆದಿದೆ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ಪಾಠಗಳ ಧ್ವನಿಮುದ್ರಣವನ್ನು ಕೇಳಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ವೀಕ್ಷಕರು ಹುಡುಕಬೇಕಾದದ್ದು ಇಂಥ ಸೂಕ್ಷ್ಮಗಳನ್ನು. ಗೋಡೆಯ ಮೇಲೆ ಚಾರ್ಟ್ ಇದೆಯೇ, ಪಾಠಯೋಜನೆಯ ಪುಸ್ತಕಕ್ಕೆ ಸಹಿಯಾಗಿದೆಯೇ ಎಂದು ನೋಡುವುದು ಸುಲಭ, ಆದ್ದರಿಂದಲೇ ನಮೂನೆಗಳಲ್ಲಿ ಅವು ಮೊದಲ ಸ್ಥಾನ ಪಡೆಯುತ್ತವೆ. ಅಮೆರಿಕದಲ್ಲಿ ಸಾವಿರಾರು ಶಿಕ್ಷಕರನ್ನು ಒಳಗೊಂಡು ನಡೆದು 2013ರಲ್ಲಿ ಮುಗಿದ ಪರಿಣಾಮಕಾರಿ ಬೋಧನೆಯ ಅಳತೆಗಳ ಯೋಜನೆ ಇನ್ನೊಂದು ಎಚ್ಚರಿಕೆ ಕೊಡುತ್ತದೆ: ಒಬ್ಬರೇ ವೀಕ್ಷಕರು ಇನ್ನೊಂದು ಪಾಠ ನೋಡುವುದಕ್ಕಿಂತ ಬೇರೊಬ್ಬ ವೀಕ್ಷಕರು ಇನ್ನೊಂದು ಪಾಠ ನೋಡಿದರೆ ತೀರ್ಮಾನ ಹೆಚ್ಚು ವಿಶ್ವಾಸಾರ್ಹವಾಗುತ್ತದೆ. ಒಬ್ಬರ ಒಂದು ಭೇಟಿಯನ್ನು ಆಧರಿಸಿ ಶಿಕ್ಷಕರಿಗೆ ದರ್ಜೆ ಕೊಡುವುದು ಅನ್ಯಾಯ ಮಾತ್ರವಲ್ಲ, ತಪ್ಪು ಮಾಹಿತಿಯೂ ಹೌದು.

ಅಂಕಿ ಅಂಶಗಳಲ್ಲೂ ಒಂದು ಬಲೆಯಿದೆ. ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ 2002ರಲ್ಲಿ ತೋರಿಸಿಕೊಟ್ಟಂತೆ, ಮಕ್ಕಳ ಸಂಖ್ಯೆ ಕಡಿಮೆ ಇರುವ ಶಾಲೆಗಳ ಸರಾಸರಿ ಅಂಕ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. ಇಪ್ಪತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಚುರುಕಾದ ಮಕ್ಕಳು ಬಂದರೆ ಅಥವಾ ಪರೀಕ್ಷೆಯ ದಿನ ಮೂವರು ಜ್ವರದಿಂದ ಮಲಗಿದರೆ ಸರಾಸರಿಯೇ ಬದಲಾಗುತ್ತದೆ. ಅದನ್ನು ಸುಧಾರಣೆ ಎಂದೋ ಕುಸಿತ ಎಂದೋ ಓದಿ ಯೋಜನೆ ಬರೆಯುವುದು ಗಾಳಿಯ ಹಿಂದೆ ಓಡಿದಂತೆ. ಚಿಕ್ಕ ಶಾಲೆಗಳ ಮಟ್ಟಿಗೆ ಮೂರು ವರ್ಷಗಳ ಫಲಿತಾಂಶವನ್ನು ಸೇರಿಸಿ ನೋಡುವುದು ಮತ್ತು ಪ್ರತಿ ಮಗುವಿನ ಕೆಲಸವನ್ನು ಹತ್ತಿರದಿಂದ ಓದುವುದು ಇದಕ್ಕಿಂತ ನಂಬಿಕೆಗೆ ಅರ್ಹ.

ಶಿಕ್ಷಕರನ್ನೇ ಕೇಳಬಾರದೇ? ಕೇಳಲೇಬೇಕು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2018ರಲ್ಲಿ ನಡೆಸಿದ ಅಂತರರಾಷ್ಟ್ರೀಯ ಶಿಕ್ಷಕರ ಸಮೀಕ್ಷೆಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ವಿಷಯದಲ್ಲಿ ತಮಗೆ ತರಬೇತಿ ತೀರಾ ಬೇಕಾಗಿದೆ ಎಂದು ಸರಾಸರಿ ಶೇ. 22ರಷ್ಟು ಶಿಕ್ಷಕರು ಹೇಳಿದ್ದರು. ತಂತ್ರಜ್ಞಾನದ ಬಳಕೆಗಿಂತಲೂ ಇದು ಮೇಲಿತ್ತು. ಹೊರಗಿನವರು ಶಾಲೆಗೆ ಬಂದು ಒಂದು ದಿನ ಇದ್ದು ಹೋದರೆ ಈ ಸಂಗತಿ ಅವರ ಕಣ್ಣಿಗೆ ಬೀಳುವುದು ಕಷ್ಟ. ಆದರೆ ತನಗೆ ಗೊತ್ತಿಲ್ಲ ಎಂಬುದು ಗೊತ್ತಿಲ್ಲದ ವಿಷಯವನ್ನು ಯಾರೂ ಪ್ರಶ್ನಾವಳಿಯಲ್ಲಿ ಬರೆಯಲಾರರು. ಭಿನ್ನರಾಶಿಯನ್ನು ನಿಯಮವಾಗಿಯೇ ಕಲಿತು ನಿಯಮವಾಗಿಯೇ ಕಲಿಸುತ್ತಿರುವ ಶಿಕ್ಷಕರು ಗಣಿತದ ತರಬೇತಿ ಬೇಡ ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಹಾಗಾಗಿ ಮಕ್ಕಳ ಕೆಲಸ, ಪಾಠ ವೀಕ್ಷಣೆ ಮತ್ತು ಶಿಕ್ಷಕರ ಮಾತು ಈ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆಯೇ ಎಂದು ನೋಡಬೇಕು. ಅವು ಬೇರೆ ಬೇರೆ ದಿಕ್ಕು ತೋರಿಸಿದರೆ ಆ ಭಿನ್ನತೆಯೇ ಚರ್ಚೆಗೆ ಒಳ್ಳೆಯ ಆರಂಭ.

ಇನ್ನು ನಾಯಕತ್ವ. ನನ್ನ ಅಭಿಪ್ರಾಯದಲ್ಲಿ ಮೌಲ್ಯಮಾಪನಗಳು ಅತ್ಯಂತ ದುರ್ಬಲವಾಗಿರುವುದು ಇಲ್ಲಿ, ಏಕೆಂದರೆ ಹಲವು ಕಡೆ ನಮೂನೆಯನ್ನು ತುಂಬುವವರೂ ಅದರಲ್ಲಿ ಅಳೆಯಲ್ಪಡುವವರೂ ಒಬ್ಬರೇ. ನಾಯಕತ್ವದ ತೂಕ ಸಣ್ಣದಲ್ಲ. ಜೇಸನ್ ಗ್ರಿಸಮ್ ಮತ್ತು ಸಂಗಡಿಗರು 2021ರಲ್ಲಿ ಎರಡು ದಶಕಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೀಡಿದ ಅಂದಾಜಿನ ಪ್ರಕಾರ, ಸಾಮರ್ಥ್ಯದ ಕ್ರಮದಲ್ಲಿ ಕೆಳಗಿನ ಕಾಲುಭಾಗದ ಅಂಚಿನಲ್ಲಿರುವ ಮುಖ್ಯಸ್ಥರ ಬದಲು ಮೇಲಿನ ಕಾಲುಭಾಗದ ಅಂಚಿನಲ್ಲಿರುವವರು ಬಂದರೆ ಶಾಲೆಯ ಮಕ್ಕಳಿಗೆ ವರ್ಷಕ್ಕೆ ಗಣಿತದಲ್ಲಿ 2.9 ತಿಂಗಳ, ಓದಿನಲ್ಲಿ 2.7 ತಿಂಗಳ ಹೆಚ್ಚುವರಿ ಕಲಿಕೆಗೆ ಸಮನಾದ ಲಾಭ ಸಿಗುತ್ತದೆ. ಒಬ್ಬ ಶಿಕ್ಷಕರ ಪ್ರಭಾವ ಅವರ ತರಗತಿಗೆ ಸೀಮಿತ, ಮುಖ್ಯಸ್ಥರದು ಇಡೀ ಶಾಲೆಗೆ.

ಆದರೆ ನಾಯಕತ್ವದಲ್ಲಿ ಅಳೆಯುವುದು ಏನನ್ನು? ಸಭೆಗಳ ಸಂಖ್ಯೆಯನ್ನೂ ದಾಖಲೆಗಳ ಅಚ್ಚುಕಟ್ಟನ್ನೂ ಅಳೆದು ಪ್ರಯೋಜನವಿಲ್ಲ. ವಿವಿಯನ್ ರಾಬಿನ್ಸನ್, ಕ್ಲೇರ್ ಲಾಯ್ಡ್ ಮತ್ತು ಕೆನೆತ್ ರೋ 2008ರಲ್ಲಿ ನಾಯಕತ್ವದ ಐದು ಆಯಾಮಗಳನ್ನು ಹೋಲಿಸಿದಾಗ, ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸುವುದು ಮತ್ತು ಅದರಲ್ಲಿ ಸ್ವತಃ ಪಾಲ್ಗೊಳ್ಳುವುದು ಮಕ್ಕಳ ಫಲಿತಾಂಶದೊಂದಿಗೆ ಅತ್ಯಂತ ಗಾಢವಾದ ಸಂಬಂಧ ಹೊಂದಿತ್ತು. ತರಬೇತಿಗೆ ಶಿಕ್ಷಕರನ್ನು ಕಳುಹಿಸಿ ತಾವು ಕಚೇರಿಯಲ್ಲಿ ಉಳಿಯುವ ಮುಖ್ಯಶಿಕ್ಷಕರಿಗೂ, ಅದೇ ತರಬೇತಿಯಲ್ಲಿ ಪಕ್ಕದಲ್ಲಿ ಕೂತು ಭಿನ್ನರಾಶಿಯ ಲೆಕ್ಕ ಮಾಡುವವರಿಗೂ ಇರುವ ವ್ಯತ್ಯಾಸ ಇದು.

ಅಮೆರಿಕದ ಮಯಾಮಿ ಭಾಗದ ಸುಮಾರು ನೂರು ಶಾಲೆಗಳ ಮುಖ್ಯಸ್ಥರ ದಿನವನ್ನು ಹಿಂಬಾಲಿಸಿ ದಾಖಲಿಸಿದ ಗ್ರಿಸಮ್, ಸುಸಾನಾ ಲೋಯಬ್ ಮತ್ತು ಬೆಂಜಮಿನ್ ಮಾಸ್ಟರ್ ಅವರ 2013ರ ಅಧ್ಯಯನ ಇನ್ನೂ ಕುತೂಹಲಕರ. ಮುಖ್ಯಸ್ಥರ ಸಮಯದ ಎಂಟನೆಯ ಒಂದು ಭಾಗದಷ್ಟು ಮಾತ್ರ ಬೋಧನೆಗೆ ಸಂಬಂಧಿಸಿದ ಕೆಲಸಕ್ಕೆ ಹೋಗುತ್ತಿತ್ತು. ಅದರಲ್ಲೂ ಅತಿ ದೊಡ್ಡ ಪಾಲು ತರಗತಿಗಳಿಗೆ ಹೀಗೆ ಬಂದು ಹಾಗೆ ಹೋಗುವ ಭೇಟಿಗಳು. ಇಂಥ ಭೇಟಿಗಳಿಗೆ ಹೆಚ್ಚು ಸಮಯ ಕೊಟ್ಟ ಶಾಲೆಗಳಲ್ಲಿ ಮಕ್ಕಳ ಪ್ರಗತಿ ಕಡಿಮೆಯೇ ಇತ್ತು. ಶಿಕ್ಷಕರೊಂದಿಗೆ ಕೂತು ಅವರ ಬೋಧನೆಯ ಬಗ್ಗೆ ಮಾರ್ಗದರ್ಶನ ನೀಡುವುದಕ್ಕೆ ಸಮಯ ಕೊಟ್ಟಲ್ಲಿ ಪ್ರಗತಿ ಹೆಚ್ಚಿತ್ತು. ಬೋಧನೆಯ ನಾಯಕತ್ವದ ಸೂಚಕವೆಂದು ತಿಂಗಳಿಗೆ ಇಷ್ಟು ತರಗತಿ ಭೇಟಿ ಎಂದು ನಿಗದಿ ಮಾಡುವವರು ಇದನ್ನು ನೆನಪಿನಲ್ಲಿಡಬೇಕು. ಎಣಿಸಬೇಕಾದದ್ದು ಭೇಟಿಯನ್ನಲ್ಲ, ಭೇಟಿಯ ನಂತರ ನಡೆದ ಮಾತುಕತೆಯನ್ನು ಮತ್ತು ಅದರಿಂದ ಮುಂದಿನ ಪಾಠದಲ್ಲಿ ಬದಲಾದದ್ದನ್ನು. ಮುಖ್ಯಶಿಕ್ಷಕರ ಒಂದು ವಾರದ ಸಮಯ ಎಲ್ಲೆಲ್ಲಿ ಹೋಯಿತೆಂದು ಅರ್ಧ ಗಂಟೆಗಳ ಲೆಕ್ಕದಲ್ಲಿ ಬರೆದಿಟ್ಟರೆ, ನಾಯಕತ್ವದ ಬಗ್ಗೆ ಹತ್ತು ಪುಟಗಳ ಪ್ರಶ್ನಾವಳಿ ಹೇಳದ ಸಂಗತಿಗಳು ಹೊರಬರುತ್ತವೆ. ಎಷ್ಟೋ ಬಾರಿ ಆ ಲೆಕ್ಕ ದೂರುವುದು ಮುಖ್ಯಶಿಕ್ಷಕರನ್ನಲ್ಲ, ಅವರ ದಿನವನ್ನು ಮಾಹಿತಿ ಕೇಳಿಕೆಗಳಿಂದ ತುಂಬಿಸಿದ ಮೇಲಿನ ಕಚೇರಿಗಳನ್ನು. ಇದರ ಜೊತೆಗೆ ಶಿಕ್ಷಕರು ಹೆಸರಿಲ್ಲದೆ ಉತ್ತರಿಸುವ ಒಂದು ಚಿಕ್ಕ ಸಮೀಕ್ಷೆಯೂ ಇರಲಿ. ತೊಂದರೆ ಹೇಳಿಕೊಂಡರೆ ಮುಖ್ಯಶಿಕ್ಷಕರು ನೆರವಾಗುತ್ತಾರೆಯೇ ಎಂಬ ಪ್ರಶ್ನೆಗೆ ಅವರ ಉತ್ತರವನ್ನೂ ಮುಖ್ಯಶಿಕ್ಷಕರ ಉತ್ತರವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಇಷ್ಟೆಲ್ಲ ಪ್ರಾಮಾಣಿಕವಾಗಿ ಹೊರಬರಬೇಕಾದರೆ ಭಯ ಇರಬಾರದು. ಯಾವ ಅಳತೆಯ ಮೇಲೆ ದೊಡ್ಡ ನಿರ್ಧಾರಗಳನ್ನು ಹೇರಲಾಗುತ್ತದೆಯೋ ಆ ಅಳತೆ ಕೆಡುವ ಸಾಧ್ಯತೆ ಹೆಚ್ಚು ಎಂದು ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟಾರೆ ದರ್ಜೆ ನೀಡುವ ಪದ್ಧತಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. ಶಾಲೆಯ ಇಡೀ ಬದುಕನ್ನು ಒಂದು ಪದಕ್ಕೆ ಇಳಿಸುವುದರಿಂದ ಆಗುವ ಹಾನಿಯ ಬಗ್ಗೆ ನಡೆದ ದೀರ್ಘ ಚರ್ಚೆಯ ಫಲ ಅದು. ದರ್ಜೆಗಾಗಿ ಮಾಡುವ ಮೌಲ್ಯಮಾಪನದಲ್ಲಿ ಶಾಲೆ ತನ್ನ ಕೊರತೆಯನ್ನು ಮುಚ್ಚಿಡಬೇಕಾಗುತ್ತದೆ, ಅಗತ್ಯ ತಿಳಿಯಲು ಮಾಡುವುದರಲ್ಲಿ ಕೊರತೆಯನ್ನು ತೆರೆದಿಡಬೇಕಾಗುತ್ತದೆ. ಎರಡನ್ನೂ ಒಂದೇ ನಮೂನೆಯಿಂದ ಸಾಧಿಸಲು ಹೊರಟರೆ ಮೊದಲನೆಯದೇ ಗೆಲ್ಲುತ್ತದೆ. ಹಾಗೆಂದು ಯಾರಿಗೂ ಯಾವ ಹೊಣೆಯೂ ಬೇಡ ಎಂದರ್ಥವಲ್ಲ. ಮಧ್ಯಪ್ರದೇಶದ ಕಾರ್ಯಕ್ರಮದಲ್ಲಿ ಹೊಣೆಗಾರಿಕೆಯಾಗಲಿ ಉತ್ತೇಜನವಾಗಲಿ ಬದಲಾಗಿರಲಿಲ್ಲ ಎಂಬುದನ್ನು ಆ ಸಂಶೋಧಕರೇ ಗುರುತಿಸಿದ್ದಾರೆ. ಕೊರತೆ ಇದ್ದುದಕ್ಕೆ ಶಿಕ್ಷೆ ಬೇಡ, ಗುರುತಿಸಿದ ಕೊರತೆಯ ಮೇಲೆ ಕೆಲಸ ಮಾಡುವುದು ಮಾತ್ರ ಕಡ್ಡಾಯವಾಗಿರಲಿ ಎಂಬುದು ನನ್ನ ನಿಲುವು.

ಆ ಕೆಲಸಕ್ಕೆ ಆಯ್ಕೆ ಬೇಕು. ಇಪ್ಪತ್ತೈದು ಗುರಿಗಳಿರುವ ಸುಧಾರಣಾ ಯೋಜನೆಯನ್ನು ಯಾವ ಶಾಲೆಯೂ ಜಾರಿಗೆ ತರಲಾರದು. ಒಂದು ವರ್ಷಕ್ಕೆ ಬೋಧನೆಯಲ್ಲಿ ಒಂದು, ನಾಯಕತ್ವದಲ್ಲಿ ಒಂದು ಸಾಕು, ಮತ್ತು ಎರಡನೆಯದು ಮೊದಲನೆಯದಕ್ಕೆ ಆಧಾರವಾಗಿರಬೇಕು: ಭಿನ್ನರಾಶಿಯ ಬೋಧನೆ ಬದಲಾಗಬೇಕಾದರೆ ಮುಖ್ಯಶಿಕ್ಷಕರು ಗಣಿತ ಶಿಕ್ಷಕರಿಗೆ ವಾರಕ್ಕೊಂದು ಜಂಟಿ ಅವಧಿಯನ್ನು ಕಾದಿರಿಸಿ ತಾವೂ ಅದರಲ್ಲಿ ಕೂರಬೇಕು. ನೆರವಿನ ರೂಪವೂ ಅಗತ್ಯಕ್ಕೆ ಹೊಂದಬೇಕು. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಬ್ಬೊಬ್ಬ ಶಿಕ್ಷಕರ ಜೊತೆ ಅವರ ತರಗತಿಯಲ್ಲೇ ಕೆಲಸ ಮಾಡುವ ಮಾರ್ಗದರ್ಶನದಿಂದ ಬೋಧನೆಯ ಗುಣಮಟ್ಟ 0.49 ಮತ್ತು ಮಕ್ಕಳ ಸಾಧನೆ 0.18 ಮಾನಕ ವಿಚಲನೆಯಷ್ಟು ಏರಿತ್ತು. ನೂರಕ್ಕಿಂತ ಹೆಚ್ಚು ಶಿಕ್ಷಕರಿಗೆ ವಿಸ್ತರಿಸಿದ ಕಾರ್ಯಕ್ರಮಗಳಲ್ಲಿ ಪರಿಣಾಮ ಇಳಿದಿತ್ತು ಎಂಬುದನ್ನೂ ಮರೆಯಬಾರದು. ಒಳ್ಳೆಯ ಮಾರ್ಗದರ್ಶಕರು ರಾತ್ರೋರಾತ್ರಿ ಸಿದ್ಧರಾಗುವುದಿಲ್ಲ. ಒಂದು ಸಭಾಂಗಣದಲ್ಲಿ ಇನ್ನೂರು ಜನರನ್ನು ಕೂರಿಸಿ ಮಾಡುವ ತರಬೇತಿ ಅಗ್ಗ, ಲೆಕ್ಕಕ್ಕೆ ಸುಲಭ, ಆದರೆ ಆ ಹುಡುಗನ 2/5ರ ತನಕ ಅದು ತಲುಪುವುದಿಲ್ಲ.

ಶಾಲೆಯ ಕೈಯಲ್ಲಿಲ್ಲದ ಅಗತ್ಯಗಳದು ಇನ್ನೊಂದು ಮಾತು. ಶಿಕ್ಷಕರ ನೇಮಕ, ಕಟ್ಟಡ, ಮಾರ್ಗದರ್ಶಕರ ನಿಯೋಜನೆ ಇವೆಲ್ಲ ಮೇಲಿನ ಕಚೇರಿಯ ಕೆಲಸ. ಅಮೆರಿಕದ 2015ರ ಶಿಕ್ಷಣ ಕಾಯ್ದೆ ಅತ್ಯಂತ ಹಿಂದುಳಿದ ಶೇ. 5ರಷ್ಟು ಶಾಲೆಗಳಿಗೆ ಸುಧಾರಣಾ ಯೋಜನೆಯನ್ನು ಶಾಲಾ ಮಟ್ಟದ ಅಗತ್ಯ ಮೌಲ್ಯಮಾಪನದ ಆಧಾರದ ಮೇಲೆಯೇ ರೂಪಿಸಬೇಕೆನ್ನುತ್ತದೆ, ಜೊತೆಗೆ ಸಂಪನ್ಮೂಲ ಹಂಚಿಕೆಯಲ್ಲಿನ ಅಸಮಾನತೆಯನ್ನೂ ಗುರುತಿಸಬೇಕೆನ್ನುತ್ತದೆ. ಈ ಎರಡನೆಯ ಅಂಶ ಮುಖ್ಯ, ಏಕೆಂದರೆ ಅದು ಪ್ರಶ್ನೆಯನ್ನು ಶಾಲೆಯ ಗೇಟಿನ ಹೊರಗೂ ಒಯ್ಯುತ್ತದೆ. ಶಾಲೆಯಿಂದ ವರದಿ ತಲುಪಿದ ಮೇಲೆ ಅದರಲ್ಲಿನ ಯಾವ ಅಗತ್ಯವನ್ನು ಯಾವಾಗ ಪೂರೈಸುತ್ತೇವೆ, ಯಾವುದನ್ನು ಈ ವರ್ಷ ಪೂರೈಸಲಾಗುವುದಿಲ್ಲ ಮತ್ತು ಏಕೆ ಎಂದು ಕಚೇರಿ ನಿಗದಿತ ದಿನದೊಳಗೆ ಲಿಖಿತವಾಗಿ ಉತ್ತರಿಸುವ ನಿಯಮ ಬೇಕು.

ಮರುಪರಿಶೀಲನೆಯನ್ನೂ ಮೊದಲೇ ನಿರ್ಧರಿಸಬೇಕು, ಆದರೆ ಎಲ್ಲವನ್ನೂ ಪ್ರತಿವರ್ಷ ಮೊದಲಿನಿಂದ ಅಳೆಯುವ ಅಗತ್ಯವಿಲ್ಲ. ಕಟ್ಟಡ, ದಾಖಲಾತಿ, ಹುದ್ದೆಗಳ ಮಾಹಿತಿ ಈಗಾಗಲೇ ಇಲಾಖೆಯ ಬಳಿ ಇರುತ್ತದೆ, ಅದನ್ನೇ ಶಾಲೆಯಿಂದ ಮತ್ತೆ ಕೇಳಬಾರದು. ನಾಯಕತ್ವದ ಸಮೀಕ್ಷೆ ಮತ್ತು ಸಮಯದ ಲೆಕ್ಕ ವರ್ಷಕ್ಕೊಮ್ಮೆ ಸಾಕು. ಬೋಧನೆಗೆಂದು ಆಯ್ದುಕೊಂಡ ಒಂದು ವಿಷಯವನ್ನು ಮಾತ್ರ ಮೂರು ತಿಂಗಳಿಗೊಮ್ಮೆ, ಅದನ್ನು ಕಲಿಸುವ ಶಿಕ್ಷಕರೇ, ಕೆಲವೇ ಪ್ರಶ್ನೆಗಳಿಂದ ಪರೀಕ್ಷಿಸಿ, ಉತ್ತರಪತ್ರಿಕೆಗಳನ್ನು ಒಟ್ಟಿಗೆ ಕೂತು ಓದಿ, ಮುಂದಿನ ಮೂರು ತಿಂಗಳು ಏನನ್ನು ಬದಲಿಸುತ್ತೇವೆಂದು ಅರ್ಧ ಪುಟದಲ್ಲಿ ಬರೆದಿಟ್ಟುಕೊಳ್ಳಲಿ. ಆ ಅರ್ಧ ಪುಟ ಶಾಲೆಯಲ್ಲೇ ಇರಲಿ, ಅದನ್ನು ಮೇಲಕ್ಕೆ ಕಳುಹಿಸುವುದು ಬೇಡ.